ಆಯುವ ಕೆಲಸ

ಕತ್ತರಿ ಒಳಗಿಡು, ಬೋರೊಕಾ. ಇಲ್ಲಿ ಗೊಂಚಲು ಕೊಯ್ಯುವುದಿಲ್ಲ.
ಬೆರಳು ಸಾಕು. ಉಗುರು ಸ್ವಲ್ಪ ಬೆಳೆದಿದ್ದರೆ ಇನ್ನೂ ಒಳ್ಳೆಯದು.
ಬೊದ್ರೋಗ್ ನದಿಯ ಮಂಜು ಏಳುವುದು ಹತ್ತು ಗಂಟೆಗೆ,
ಅಲ್ಲಿಯವರೆಗೆ ಕಣ್ಣಿಗೆ ಕೆಲಸವಿಲ್ಲ. ಮುಟ್ಟಿ ನೋಡು.

ಇದು ಹಸಿ: ಬಿಗಿದ ಸಿಪ್ಪೆ, ಒಳಗೆ ಬರೀ ನೀರಿನ ಬಡಾಯಿ. ಬಿಡು.
ಇದು ಕೆಟ್ಟದ್ದು: ಒತ್ತಿದರೆ ಜಾರುತ್ತದೆ, ಮೂಸಿದರೆ ವಿನಿಗರ್. ನೆಲಕ್ಕೆಸೆ.
ಇದು,
ತಡಿ, ಇದನ್ನು ಬೆರಳ ತುದಿಯಲ್ಲಿ ಉರುಳಿಸು,
ಒದ್ದೆಯಲ್ಲೇ ಮಡಿಸಿಟ್ಟ ಬಟ್ಟೆಯ ಸುಕ್ಕು,
ಮೇಲೊಂದು ಬೂದಿಬಣ್ಣದ ಬೂಷ್ಟು,
ಒಳಗೆ ಒಂದೇ ಹನಿ, ಅಂಟು.
ಇದಕ್ಕೇ ನೀನು ಬಂದದ್ದು.

ಕೊಳೆತದ್ದಲ್ಲವೇ ಎನ್ನುತ್ತೀ. ಹೌದು, ಕೊಳೆತದ್ದೇ.
ಕೊಳೆಯುವುದಕ್ಕೂ ಒಂದು ಹದವಿದೆ:
ಬೆಳಿಗ್ಗೆ ಮಂಜು ತೋಯಿಸಬೇಕು, ಮಧ್ಯಾಹ್ನ ಬಿಸಿಲು ಆರಿಸಬೇಕು,
ನಡುವೆ ಎರಡು ದಿನ ಜಡಿಮಳೆ ಹಿಡಿಯಿತೋ
ಇಡೀ ಗುಡ್ಡ ಹುಳಿನಾತ.
ಊರೆಲ್ಲ ಕೊಯ್ದು ಮುಗಿಸಿ ಮಲಗಿದ ಮೇಲೆ
ಮಾಗಿಯಲ್ಲಿ ಮಾಗುವ ಹಣ್ಣು ಇದು.

ನನ್ನ ಮುಖ ನೋಡಬೇಡ.
ಹೋದ ವರ್ಷ ಬುಡಾಪೆಸ್ಟಿನ ಪತ್ರಿಕೆಯವನೊಬ್ಬ ಬಂದ,
ಹಣ್ಣನ್ನೂ ನನ್ನನ್ನೂ ಪಕ್ಕಪಕ್ಕ ಇಟ್ಟು ಫೋಟೋ ಹೊಡೆದ,
ಹಣ್ಣುಹಣ್ಣು ಮುದುಕಿ ಎಂಬರ್ಥದ್ದೇನೋ ಬರೆದ.
ನನಗೆ ಎಪ್ಪತ್ತೊಂದು. ಸಿಹಿಯೇನೂ ಆಗಿಲ್ಲ,
ಸೊಂಟ ನೋಯುತ್ತದೆ, ಅಷ್ಟೆ.

ದಿನಕ್ಕೆ ಎಷ್ಟು ಎಂದೆಯಾ? ಕೈ ಪಳಗಿದರೆ ಎಂಟು ಕಿಲೋ.
ಸರ್ಕಾರಿ ತೋಟವಾಗಿದ್ದಾಗ ಇಪ್ಪತ್ತು ಕೇಳುತ್ತಿದ್ದರು.
ಸಾಲಿನ ಕೊನೆಗೆ ತಕ್ಕಡಿ, ತಕ್ಕಡಿ ಹಿಂದೆ ಮೇಸ್ತ್ರಿ,
ಕಡಿಮೆಯಾದರೆ ಕೂಲಿಗೆ ಕತ್ತರಿ.
ಹಸಿಯನ್ನೂ ಹಾಕಿದೆವು, ಕೆಟ್ಟದ್ದನ್ನೂ ಹಾಕಿದೆವು.
ಎಲ್ಲರೂ ಎಂದು ಹೇಳುವುದು ಸುಲಭ: ನಾನು ಹಾಕಿದೆ.
ಒಂದು ಸಲ ಬುಟ್ಟಿಯ ತಳಕ್ಕೆ ಕಲ್ಲನ್ನೂ.
ಆ ವರ್ಷದ ವೈನು ರೈಲು ಹತ್ತಿ ಪೂರ್ವಕ್ಕೆ ಹೋಯಿತು.
ಕುಡಿದವರ ಕ್ಷಮೆ ಕೇಳೋಣವೆಂದರೆ ವಿಳಾಸ ಗೊತ್ತಿಲ್ಲ.

ವೆಂಡೆಲ್‌ಗೆ ಗೊತ್ತಾಯಿತು.
ನನ್ನ ಗಂಡ, ಪೀಪಾಯಿ ಕಟ್ಟುವವನು.
ಜೆಂಪ್ಲೇನ್ ಕಾಡಿನ ಓಕ್ ಹಲಗೆ ಬೆಂಕಿಗೆ ಬಗ್ಗಿಸಿ
ಪಟ್ಟಿ ಬಡಿದು ಬಡಿದು ಬಲಗಿವಿ ಕಳಕೊಂಡವನು.
ನೆಲಮಾಳಿಗೆಗಿಳಿದು ತನ್ನ ಪೀಪಾಯಿಗೆ ಎಡಗಿವಿ ಹಚ್ಚುತ್ತಿದ್ದ,
ಒಳಗೆ ಹುದುಗು ಪಿಸುಗುಟ್ಟುವುದು ಕೇಳುತ್ತಿದ್ದ.
‘ರೊಜಾಲಿಯಾ, ಇದರಲ್ಲಿ ಯಾರೋ ಸುಳ್ಳು ಹೇಳುತ್ತಿದ್ದಾರೆ’
ಎಂದ. ಊಟಕ್ಕೆ ಕೂತ.
ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು, ಅದನ್ನೂ ತಿಂದ.

ಆಮೇಲೆ ಸರ್ಕಾರ ಹೋಯಿತು, ಐದು ಸಾಲು ಬಳ್ಳಿ ನಮಗೆ ಬಂತು.
ಮೊದಲ ಸುಗ್ಗಿ ನಾನೊಬ್ಬಳೇ ಆಯ್ದೆ,
ಒಂದೊಂದನ್ನೂ ಬೆಳಕಿಗೆ ಹಿಡಿದು.
ಅದನ್ನು ಒತ್ತಲಿಲ್ಲ, ತುಳಿಯಲಿಲ್ಲ.
ತೊಟ್ಟಿಯಲ್ಲಿ ರಾಶಿ ಹಾಕಿ ಬಾಗಿಲು ಎಳೆದುಕೊಂಡೆವು;
ತನ್ನ ಭಾರಕ್ಕೆ ತಾನೇ ಕುಸಿದು
ತಳದ ತೂತಿನಿಂದ ತೊಟ್ಟಿಕ್ಕಿತು,
ಜೇನಿಗೂ ಅವಸರವೆನ್ನಿಸುವಷ್ಟು ನಿಧಾನ.
ಹನ್ನೊಂದು ದಿನಕ್ಕೆ ಒಂದು ಗಾಜಿನ ಬುಡ್ಡಿ.
ಇಷ್ಟು ಸಿಹಿಯಲ್ಲಿ ಹುದುಗಿಗೂ ಉಸಿರು ಕಟ್ಟುತ್ತದಂತೆ:
ವಾರಕ್ಕೊಂದು ಗುಳ್ಳೆ, ಆಮೇಲೆ ತಿಂಗಳಿಗೊಂದು.

ಇದರಲ್ಲಿ ಒಂದೂ ಹಸಿಯಿಲ್ಲ ನೋಡು, ಎಂದೆ ವೆಂಡೆಲ್‌ಗೆ.
ಅವನು ಕೆನ್ನೆಯನ್ನು ಗಾಜಿಗೆ ಒತ್ತಿ ಬಹಳ ಹೊತ್ತು ನಿಂತ.
ಎಡಗಿವಿಯೂ ಆಗ ಹೋಗಿತ್ತು.

ಬುಡ್ಡಿ ಇನ್ನೂ ಕೆಳಗಿದೆ, ಕಪ್ಪು ಬೂಷ್ಟು ಹೊದ್ದ ಗೋಡೆಯ ಗೂಡಿನಲ್ಲಿ.
ಕೊಳ್ಳುವವರು ಬಂದಿದ್ದರು. ಚಮಚದ ಲೆಕ್ಕದಲ್ಲಿ ಬೆಲೆ ಹೇಳಿದರು.
ಇನ್ನೂ ಮುಗಿದಿಲ್ಲ ಎಂದು ಕಳಿಸಿದೆ.

ಮಂಜು ಎದ್ದಿತು, ನೋಡು, ಆಚೆ ದಡದ ಪಾಪ್ಲರ್ ಮರ ಕಾಣುತ್ತಿದೆ.
ನಿನ್ನ ಬುಟ್ಟಿಯಲ್ಲಿ ಒಂದು ಹಸಿ ಹಣ್ಣಿದೆ.
ತೆಗೆ ಎನ್ನುವುದಿಲ್ಲ.
ತಕ್ಕಡಿಯವನು ಈಗ ಯಾರೂ ಇಲ್ಲ.