ಮೂರನೇ ಲೇನಿನ ಬೇವು

ದಾವಣಗೆರೆ ಮುಗಿದು ಹೊಲ ಶುರುವಾಗುವ ಮುಂಚೆ
ನಮ್ಮ ಸರ್ಕಾರಿ ಹೈಸ್ಕೂಲು.
ಮೈದಾನ ಸುತ್ತಿದರೆ ನೂರಾ ಅರವತ್ತೇ ಮೀಟರು.
ಕಾಂಪೌಂಡಿನಾಚೆ ಮಂಡಕ್ಕಿ ಭಟ್ಟಿ;
ಅದರ ಹೊಗೆ ಮಾತ್ರ ದಿನಾ ಪ್ರಾರ್ಥನೆಗೆ
ಹಾಜರಿ ತಪ್ಪಿಸುವುದಿಲ್ಲ.

ನಾನು ದೈಹಿಕ ಶಿಕ್ಷಕ. ಅಂದರೆ
ಬೆಳಿಗ್ಗೆ ಹಾಲಿನ ಪುಡಿ ಕಲಕಿಸಿ, ಮಧ್ಯಾಹ್ನ ಮೊಟ್ಟೆ ಎಣಿಸಿ,
ಗಣಿತದವರು ರಜೆ ಹಾಕಿದರೆ ಎಂಟನೇ ‘ಬಿ’ಯ ಗದ್ದಲ ಕಾದು,
ಉಳಿದ ಹೊತ್ತಿನಲ್ಲಿ ಸುಣ್ಣದ ಬಕೀಟು ಹಿಡಿದು
ಬಗ್ಗಿ ಬಗ್ಗಿ ನೆಲಕ್ಕೆ ಗೆರೆ ಬಿಡುವವನು.

ನಾಲ್ಕು ಲೇನು ಹಿಡಿಯುತ್ತವೆ. ಮೂರನೆಯದರಲ್ಲಿ,
ಗುರಿಗೆ ನಲವತ್ತು ಮೀಟರು ಇರುವಾಗ,
ಬೇವಿನ ಮರ.
ನನಗಿಂತ ಮುಂಚಿನದು, ಹೆಡ್‌ಮಾಸ್ತರಿಗಿಂತ ಮುಂಚಿನದು.
ಗೆರೆ ಅದರ ಬುಡಕ್ಕೆ ಬಂದು ನಿಂತು
ಆ ಕಡೆಯಿಂದ ಮತ್ತೆ ಶುರುವಾಗುತ್ತದೆ,
ಮಾತಿನ ನಡುವೆ ಕೆಮ್ಮು ಬಂದಂತೆ.

ಮುಬೀನಾಳಿಗೆ ಯಾವಾಗಲೂ ಮೂರನೆಯದೇ ಬೇಕು.
ಬರಿಗಾಲು. ಅಪ್ಪನ ಭಟ್ಟಿಯ ಮರಳು ಇನ್ನೂ ಹಿಮ್ಮಡಿಯಲ್ಲಿ.
ಸೀಟಿ ಊದಿದೆನೋ ಇಲ್ಲವೋ,
ಬಾಣಲೆಯಿಂದ ಸಿಡಿದ ಕಾಳು!
ಮರದ ಹತ್ತಿರ ಎಡ ಭುಜ ತುಸು ತಗ್ಗಿಸಿ,
ಸೊಂಟಕ್ಕೆ ಕಟ್ಟಿದ ವೇಲು ತೊಗಟೆಗೆ ತಾಗದಂತೆ
ಹೊರಳುವ ಆ ಒಂದು ಹೆಜ್ಜೆ
ನಾನು ಕಲಿಸಿದ್ದಲ್ಲ.
ಉಚ್ಚೆಂಗೆಮ್ಮ, ಕೊಟ್ರಮ್ಮ ಎಲ್ಲ ಅವಳಿಂದ ಕಲಿತರು,
ಕದ್ದು ನಾನೂ ಒಮ್ಮೆ, ಯಾರೂ ಇಲ್ಲದಾಗ.

ಜಿಲ್ಲಾ ಮಟ್ಟ. ಇನ್ನೂರು ಮೀಟರ್ ಫೈನಲ್.
ಚೀಟಿಯಲ್ಲಿ ಬಂದದ್ದೂ ಮೂರನೆಯದೇ:
ಖಾಲಿ, ನೇರ, ಒಂದು ಎಲೆಯೂ ಬಿದ್ದಿರಲಿಲ್ಲ.
ತಿರುವು ದಾಟುವಾಗ ಅವಳೇ ಮುಂದು.
ಸ್ಟಾಪ್‌ವಾಚು ನನ್ನ ಕೈಯಲ್ಲಿ ಬೆವೆತಿತ್ತು.
ಆಮೇಲೆ, ಇನ್ನು ನಲವತ್ತು ಮೀಟರು ಎನ್ನುವಾಗ
ಎಡ ಭುಜ ತಗ್ಗಿತು.
ಇಲ್ಲದ ಮರಕ್ಕೆ
ಹುಡುಗಿ ದಾರಿ ಬಿಟ್ಟಳು.

ಅರ್ಧ ಹೆಜ್ಜೆ. ಅಷ್ಟರಲ್ಲಿ ಇಬ್ಬರು ಹೋಗಿಬಿಟ್ಟರು,
ಮುಳ್ಳು ಬೂಟಿನವರು.

“ಮರ ಐತಿ ಅನ್ಕಂಡೆ ಸಾ,” ಅಂದಳು.
ಅತ್ತಳೋ ನಕ್ಕಳೋ, ಬಾಯ ತುಂಬ ಗ್ಲೂಕೋಸ್ ಪುಡಿ ಇತ್ತು.

ಸೋಮವಾರ ಎಸ್‌ಡಿಎಂಸಿ ಸಭೆ:
ಕಡಿಸಿಬಿಡಾಣ, ಅರ್ಜಿ ಬರೀರಿ ಮೇಷ್ಟ್ರೇ.
ಬರೆದೆ. ಚಿತ್ತಾಯಿತೆಂದು ಇನ್ನೊಂದು ಬರೆದೆ.
ಎರಡೂ ಜೇಬಿನಲ್ಲಿವೆ.

ಸಂಜೆ ನೋಡಿದರೆ ಅವಳು ಬುಡದಲ್ಲಿ ನಿಂತು
ಎಂಟನೆಯ ತರಗತಿಯ ಪುಟಾಣಿಗೆ ಹೇಳುತ್ತಿದ್ದಳು,
“ಇಲ್ಲಿ ಬಗ್ಗು. ಅಲ್ಲಿ ಬಗ್ಗಬ್ಯಾಡ.”
“ಅಲ್ಲಿ ಅಂದ್ರೆ ಎಲ್ಲಿ ಅಕ್ಕಾ?”
ಹೊಗೆಯ ಕಡೆಗೆ ಎಲ್ಲೋ ಕೈ ತೋರಿಸಿದಳು.

ಸುಣ್ಣ ಮುಗಿದಿತ್ತು.
ಬಕೀಟಿನ ತಳ ಕೆರೆದೆ.
ಮರದವರೆಗೆ ಬಂತು.