ಷರಾ

ಒಂದು ವೋಟು ಕಮ್ಮಿ ಬಂತು
ಹುಲ್ಲೇಗೌಡನಕೊಪ್ಪಲಿನ ಮತಗಟ್ಟೆಯಲ್ಲಿ.
ಪುಸ್ತಕದಲ್ಲಿ ಎಂಟುನೂರ ಹನ್ನೆರಡು,
ಯಂತ್ರದಲ್ಲಿ ಎಂಟುನೂರ ಹನ್ನೊಂದು.
ಒಂದು ಹೋದ ಸಂದಿಯಲ್ಲಿ ಸಾವಿರ ಹೋಗದೆ ಇರ್ತವಾ ಅಂತ
ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ
ಎಳನೀರು ಕೊಚ್ಚುವವನೂ ಲೆಕ್ಕ ಒಪ್ಪಿಸುತ್ತಾನೆ,
ಮಚ್ಚು ಎತ್ತಿದ ಕೈಯಲ್ಲೇ.

ಆ ಒಂದು ನನಗೆ ಗೊತ್ತು.

ಮಧ್ಯಾಹ್ನ ಎರಡೂಕಾಲು. ಏಜೆಂಟರು
ಪುಳಿಯೋಗರೆ ಪೊಟ್ಟಣದ ದಾರ ಬಿಚ್ಚುತ್ತಿದ್ದರು.
ಹೆಬ್ಬೆಟ್ಟು ಒತ್ತಿಸಿಕೊಂಡವಳೂ ನಾನೇ,
ಮೈಸೂರಿನ ಶಾಯಿಯನ್ನು ಉಗುರಿಂದ ಚರ್ಮದವರೆಗೆ ಎಳೆದವಳೂ ನಾನೇ.
ರಟ್ಟಿನ ಮರೆಗೆ ಹೋದ ಮುದುಕಿ
ಬೀಪ್ ಅನ್ನುವ ಸದ್ದಿಲ್ಲದೆ ತಿರುಗಿ ಬಂದಳು.
‘ಬ್ಯಾಡ ಕನವ್ವ.
ಅಲ್ಲಿರೋ ಇಬ್ರೂವೆ ನಮ್ಮ ಬಾಗ್ಲಲ್ಲಿ ನಿಂತು ಆಣೆ ಇಟ್ಟವ್ರೆ.
ಯಾರ್ನ ಸುಳ್ಳ ಅನ್ಲಿ ನಾನು?’

ಕೊನೆಯ ಕಾಲಮ್ಮು, ಷರಾ.
‘ಮತ ಚಲಾಯಿಸಲು ನಿರಾಕರಿಸಿದ್ದಾರೆ’ ಎಂದು ಬರೆದೆ.
ಮತ್ತೊಮ್ಮೆ ಹೆಬ್ಬೆಟ್ಟು, ಕೆಳಗೆ ಸಾಹೇಬರ ರುಜು.
ಸಂಜೆ ಅದರ ಮೇಲೆ ಅರಗು ಬಿತ್ತು.

ಬೆಳಗ್ಗೆ ಆರಕ್ಕೆ ಮುಂಚೆ
ಆಕಳಿಸುವ ಏಜೆಂಟರ ಎದುರು
ಐವತ್ತು ಸುಳ್ಳು ವೋಟು ಒತ್ತಿ ತೋರಿಸಿ, ಅಳಿಸಿದ್ದೆವು.
ಸುಳ್ಳಿನವು ಐವತ್ತಕ್ಕೆ ಐವತ್ತು ಸರಿ ಬಂದಿದ್ದವು.

*

ಅಪ್ಪ ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ
ಇಪ್ಪತ್ತೊಂಬತ್ತು ವರ್ಷ ಕೂತವನು.
ಕಬ್ಬಿನ ಗಾಡಿ ಹಲಗೆ ಏರುವುದು, ಮುಳ್ಳು ನಡುಗಿ ನಿಲ್ಲುವುದು,
ಗಾಜಿನ ತೂತಿನಿಂದ ಚೀಟಿ ಹೊರಗೆ.
ಆ ಚೀಟಿಯನ್ನು ಯಾರೂ ಒಂದೇ ಸಲಕ್ಕೆ ಮಡಚಲಿಲ್ಲ.

ಸಿಂಗ್ರೀಗೌಡ ಅಂತೊಬ್ಬ
ದಾರಿಯಲ್ಲಿ ಅಕ್ಕಿ ಮಿಲ್ಲಿನಲ್ಲೂ ತೂಗಿಸಿ
ಆ ಚೀಟಿ ಈ ಚೀಟಿ ಪಕ್ಕಪಕ್ಕ ಹಿಡಿದ.
‘ನಲ್ವತ್ ಕೇಜಿ ಎಲ್ಲೋಯ್ತು?’
‘ನಿನ್ ಎತ್ತುಗಳ್ನ ಕೇಳು, ದಾರೀಲಿ ಸಗಣಿ ಹಾಕಿರ್ತವೆ.’
ಸಾಲುಗಾಡಿಯೆಲ್ಲ ನಕ್ಕಿತು.
ಸಿಂಗ್ರೀಗೌಡನೂ ನಕ್ಕ. ನಕ್ಕು, ಟವೆಲಿನಲ್ಲಿ ಬಾಯಿ ಒರೆಸಿ,
‘ನಲ್ವತ್ ಕೇಜಿ ಎಲ್ಲೋಯ್ತು?’

ಶಾಲೆಯಲ್ಲಿ ನಾನು ತೂಕದವನ ಮಗಳು.
ನನ್ನ ಜೊತೆ ಬಳಪ ಮುರಿದುಕೊಂಡರೆ
ಎರಡು ತುಂಡನ್ನೂ ನಿಲ್ಲಿಸಿ ಅಳೆಯುತ್ತಿದ್ದರು.
ಒಂದು ರಾತ್ರಿ ನಾನೂ ಕೇಳಿಬಿಟ್ಟೆ,
ಮುಳ್ಳು ಸರಿ ಇತ್ತಾ ಅಪ್ಪ?
ಮುದ್ದೆ ಮುರಿಯುತ್ತಿದ್ದವನು ತಲೆ ಎತ್ತಲಿಲ್ಲ.
‘ಮುಳ್ಳು ತೋರ್ಸಿದ್ದ ಬರ್ದೆ.
ಹಲಗೆ ಕೆಳಗೆ ಏನಿತ್ತು ಅಂತ
ನಂಗೂ ತೆಗೆದು ತೋರಿಸ್ಲಿಲ್ಲ ಅವ್ರು.’

ಅಷ್ಟೇ. ಅವನು ಹೋಗಿ ಹನ್ನೊಂದು ವರ್ಷ.
ಅದು ಹೌದೋ ಅಲ್ಲವೋ
ನನಗಿನ್ನೂ ಬಗೆಹರಿದಿಲ್ಲ.

*

ಎಣಿಕೆಯಾದ ವಾರಕ್ಕೆ
ಸೋತ ಕಡೆಯ ಏಜೆಂಟ್ ಹುಡುಗ ಹುಡುಕಿಕೊಂಡು ಬಂದ.
ಗಲಾಟೆ ಮಾಡಲಿಲ್ಲ, ಚಪ್ಪಲಿ ಹೊರಗೆ ಬಿಟ್ಟು ಕೂತ.
ಕಾಫಿ ಕುಡಿದು, ಲೋಟ ಕೆಳಗಿಟ್ಟು ಕೇಳಿದ:
‘ಒಂದ್ ವೋಟು ಎಲ್ಲೋಯ್ತು ಮೇಡಂ?’

ನಾಲಿಗೆ ತುದಿಯಲ್ಲಿತ್ತು ಹೆಸರು.
ಹೇಳಿದರೆ ಯಂತ್ರ ಬಚಾವು, ನಾನೂ ಬಚಾವು.
ಮುದುಕಿಯ ಬಾಗಿಲಿಗೆ ಮಾತ್ರ
ಆಣೆ ಇಟ್ಟ ಇಬ್ಬರೂ ಮತ್ತೆ ಬರುತ್ತಾರೆ,
ಈ ಸಲ ಆಣೆ ಇಡುವುದಕ್ಕಲ್ಲ.
‘ಷರಾದಲ್ಲಿ ಬರ್ದಿದೀನಿ’ ಎಂದೆ.
‘ತೋರ್ಸಿ.’
‘ಸೀಲ್ ಆಗಿದೆ.’
ಅವನು ನಕ್ಕ. ಆ ನಗು ನಾನು ಚಿಕ್ಕಂದಿನಿಂದ ಬಲ್ಲೆ.
ಟವೆಲಿನ ಬದಲು
ಅಂಗೈಯಲ್ಲಿ ಬಾಯಿ ಒರೆಸಿಕೊಂಡ.

ನಿನ್ನೆ ಮಾರ್ಕೆಟ್ಟಿನಲ್ಲಿ ಗೋಣಿ ಹಾಸಿ
ದಂಟು, ಕೀರೆ, ಸಬ್ಬಸಿಗೆ ಮಾರುತ್ತಿದ್ದಳು ಅವಳು.
ಗುರುತು ಹಿಡಿದಳೋ ಇಲ್ಲವೋ.
ಶಾಯಿಯ ಗೆರೆ ಉಗುರಿನ ಜೊತೆ ಬೆಳೆದು
ತುದಿಗೆ ಬಂದು ನಿಂತಿದೆ,
ಇನ್ನೊಂದು ಸಲ ಕತ್ತರಿಸಿದರೆ ಮುಗಿಯಿತು.
‘ಇಪ್ಪತ್ ರೂಪಾಯ್ಗೆ ಐದು ಕಟ್ಟು. ಎಣ್ಸ್ಕೊ ತಾಯಿ.’
ಬೇಡಿ ಬಿಡಿ, ನಂಬಿಕೆ ಇದೆ ಎಂದೆ.
‘ನಂಬ್ಕೆ ಬ್ಯಾರೆ. ಎಣ್ಸ್ಕೊ.’

ಎಣಿಸಿದೆ.
ಅವಳೂ ಬಾಯೊಳಗೇ ಎಣಿಸುತ್ತಿದ್ದಳು,
ಕಣ್ಣು ನನ್ನ ಬೆರಳ ಮೇಲೆ.