ಐದು ನಿಮಿಷ

ಬಾಂಬೋಳಿಯ ತಣ್ಣನೆ ಕೋಣೆಯಲ್ಲಿ
ಮೂವತ್ತೊಂದು ಜನ ನಾವು, ಮೂರು ದಿನದ ತರಬೇತಿ.
ಇಪ್ಪತ್ತಾರು ವರ್ಷ ಪಟ್ಟಿ ಸುತ್ತಿದ ಕೈಗೆ
ಮೊದಲ ದಿನ ಕಲಿಸಿದ್ದು
ಪಟ್ಟಿ ಸುತ್ತುವುದನ್ನು.

ತೋಳು ಬರಿದಾಗಿರಲಿ, ಬೆನ್ನಿಗೆ ಆಸರೆಯಿರಲಿ,
ಪಾದ ನೆಲ ಮುಟ್ಟಲಿ, ಕಾಲ ಮೇಲೆ ಕಾಲು ಬೇಡ.
ಅಳೆಯುವ ಮುಂಚೆ ಐದು ನಿಮಿಷ
ಸುಮ್ಮನೆ ಕೂರಿಸಿ, ಎಂದರು ಡಾಕ್ಟರ್ ಪ್ರಿಯೋಳ್ಕರ.
ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು,
ನಾನೇ ಇರಬೇಕು.
ಝುವಾರಿನಗರದ ನಮ್ಮ ಕೇಂದ್ರದಲ್ಲಿ ಕುರ್ಚಿ ಎರಡು,
ಸಾಲು ಬಾಗಿಲಾಚೆ ಗಟಾರದ ತನಕ,
ಹತ್ತೂವರೆಯೊಳಗೆ ಅರವತ್ತು ತೋಳು.
ಐದು ನಿಮಿಷವನ್ನು ಯಾವ ಅಂಗಡಿಯಿಂದ ತರಲಿ?

ಎರಡನೆಯ ದಿನ ಬಣ್ಣದ ಮನೆಗಳ ಹಾಳೆ.
ವಯಸ್ಸು, ಬೀಡಿ, ಒತ್ತಡ, ಸಕ್ಕರೆ ಕೂಡಿಸುತ್ತ ಹೋದರೆ
ಹಸಿರು, ಹಳದಿ, ಕಿತ್ತಳೆ, ಕೆಂಪು,
ಕೊನೆಗೆ ಒಣಗಿದ ರಕ್ತದ ಕಡುಗೆಂಪು.
ನನಗೆ ಕಂಡದ್ದು ಕವಡೆ ಹಾಕಿ ಆಡುತ್ತಿದ್ದ ಚೌಕಾಬಾರ;
ವ್ಯತ್ಯಾಸ ಒಂದೇ, ಇಲ್ಲಿ
ಕಾಯಿ ಹಿಂದಕ್ಕೆ ಬಂದರೆ ಗೆಲುವು.
ಹತ್ತು ವರ್ಷದೊಳಗೆ ನೂರರಲ್ಲಿ ಇಪ್ಪತ್ತು ಎಂಬ ಮನೆಗೆ
ಪೆನ್ಸಿಲಿನ ಚುಕ್ಕೆ ಇಟ್ಟೆ.
ಇಟ್ಟ ಮೇಲೆ ತಿಳಿಯಿತು, ಅದು ಯಾರ ಮನೆ ಎಂದು.

ಮೂರನೆಯ ದಿನ ನಾಟಕ.
ಎಳೆಯ ಡಾಕ್ಟರ್ ರೆನಿಟಾ ಕುಲಾಸೊ ಕೇಳುವವಳು,
ನಾನು ರೋಗಿ.
ಕೊಂಕಣಿಯಲ್ಲೇ ಶುರು ಮಾಡಿದ್ದೆ, ಬಾಯಿ
ಹೇಳದೆ ಕೇಳದೆ ಕೆರೂರಿನ ಕಡೆ ತಿರುಗಿತು:

"ಉಪ್ಪು ಬಿಡು ಅಂತೀರಿ ಬಾಯಾರ.
ಬಂದರದಾಗ ಇದ್ದಲಿ ಲಾರಿಗೆ ತಾಡಪತ್ರಿ ಕಟ್ಟೂ ಮಂದಿ ನಾವು,
ಅಂಗಿ ಬಿಚ್ಚಿದರ ಬೆನ್ನ ಮ್ಯಾಲೆ ಉಪ್ಪು ಕೆರಕೊಂಡು ಬರತೈತಿ.
ಒಳಗಿಂದು ಹಿಂಗ ಹೊರಗ ಹೋದರ
ಹೊರಗಿಂದು ಒಳಗ ಹಾಕಬಾರದೇನ್ರಿ?
ಬೀಡಿ ಬಿಡು ಅಂತೀರಿ. ರಾತ್ರಿ ಪಾಳಿ,
ಮೂರರ ಸುಮಾರಿಗೆ ಕಣ್ಣು ಮುಚ್ಚತಾವ,
ಮುಚ್ಚಿದರ ಲಾರಿ ಮ್ಯಾಲಿಂದ ಬೀಳತೀನಿ.
ಗುಳಿಗಿ ತಗೋ ಅಂತೀರಿ. ನನಗೇನೂ ಬ್ಯಾನಿ ಇಲ್ಲಲ್ರಿ!
ನೋಯದ ರೋಗಕ್ಕ ಗುಳಿಗಿ ನುಂಗೂದಂದ್ರ
ಹಸಿವಿ ಇಲ್ಲದಾಗ ಉಣ್ಣಾಕ ಕುಂತಂಗ."

ಹುಡುಗಿಗೆ ಕನ್ನಡ ಬಾರದು.
ಆದರೂ ಕಲಿಸಿದಂತೆಯೇ ಮಾಡಿದಳು:
ಬಯ್ಯಲಿಲ್ಲ, ಬೆರಳೆತ್ತಲಿಲ್ಲ,
ಮುಂದಕ್ಕೆ ಬಾಗಿ ಹರಕು ಹಿಂದಿಯಲ್ಲಿ ಕೇಳಿದಳು,
ಇವುಗಳಲ್ಲಿ ಯಾವುದು ನಿಮಗೆ
ತುಸುವಾದರೂ ಆದೀತು?

ಉತ್ತರ ನನಗೆ ಗೊತ್ತಿರಲಿಲ್ಲ.
ಆ ಪ್ರಶ್ನೆಯನ್ನು ನಾನು ಅವನಿಗೆ ಕೇಳಿರಲೇ ಇಲ್ಲ.
ಕೇಳಿದ್ದು ಇಷ್ಟೇ:
ಏನೋ ಯಮನಪ್ಪ, ನಿನ್ನ ಹೆಸರಿನವನ ಹತ್ತಿರ
ಅಷ್ಟು ಅವಸರದ ಕೆಲಸವೇನೋ?
ಸಾಲಿಗೆ ಸಾಲೇ ನಕ್ಕಿತ್ತು. ಅವನೂ ನಕ್ಕಿದ್ದ.
ಚೀಟಿಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೆ,
ಮಾತು ಕೇಳುವುದಿಲ್ಲ.
ನಲವತ್ತಾರು ವರ್ಷ. ಶ್ರಾವಣದ ಎರಡನೆಯ ಸೋಮವಾರ.
ತಾಡಪತ್ರಿಯ ಹಗ್ಗ ಕೈಯಲ್ಲೇ ಇತ್ತಂತೆ.

ಪ್ರಿಯೋಳ್ಕರ ಚಪ್ಪಾಳೆ ತಟ್ಟಿದರು,
ರೋಗಿಯ ಪಾತ್ರ ಎಷ್ಟು ಸಹಜ ಎಂದು.
ಸಂಜೆ ಎಲ್ಲರಿಗೂ ಪ್ರಮಾಣಪತ್ರ, ಒಂದು ಅಳತೆ ಪಟ್ಟಿ,
ಜೊತೆಗೆ, ದೇವರೇ,
ಉಪ್ಪು ಹಚ್ಚಿದ ಗೋಡಂಬಿಯ ಪೊಟ್ಟಣ.

ಸೋಮವಾರ ಪಕ್ಕದ ಚಹಾದಂಗಡಿಯ ಬೆಂಚು ಬೇಡಿ ತಂದು
ಬಾಗಿಲ ಬಳಿ ಗೋಡೆಗೊತ್ತಿ ಹಾಕಿದೆ.
ಮೊದಲು ಕೂತವಳು ಗ್ಯಾನವ್ವ, ಮೀನಿನ ಬುಟ್ಟಿ ತೊಳೆಯುವವಳು.
ಏನು ಮಾಡಬೇಕ್ರಿ, ಅಂದಳು.
ಏನೂ ಮಾಡಬೇಡ, ಸುಮ್ಮನೆ ಕೂರು.
ಅದೊಂದು ನಾ ಕಲಿತಿಲ್ರಿ, ಅಂದಳು.
ಬೆರಳು ಮಡಿಲಲ್ಲಿ ಇಲ್ಲದ ಅಕ್ಕಿಯ ಕಲ್ಲು ಆರಿಸುತ್ತಿದ್ದವು.
ಮೂರನೆಯ ನಿಮಿಷಕ್ಕೆ ನಿಂತವು.
ನಾಲ್ಕನೆಯದಕ್ಕೆ ತಲೆ ಗೋಡೆಗೆ ವಾಲಿತು.

ಹೊರಗೆ ಸಾಲು ಗದ್ದಲ ಎಬ್ಬಿಸಿತು, ಯಾರೋ
ತಗಡಿನ ಬಾಗಿಲು ಬಡಿದರು.
ಪಟ್ಟಿ ಕೈಯಲ್ಲಿ ಹಿಡಿದು
ಉಳಿದ ಒಂದು ನಿಮಿಷ
ನಾನೂ ನಿಂತೆ.